ಮಣ್ಣಿಲ್ಲದ ಹಿತ್ತಲು

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಕೈ ಕೆಸರು ಮಾಡಿಕೊಳ್ಳಬೇಕಾದರೆ ಮೊದಲು ಕೆಸರು ಇರಬೇಕಷ್ಟೆ! ಪಟ್ಟಣದಲ್ಲಿ ಮಹಡಿಯ ಮೇಲೆ ಬಾಡಿಗೆಗೆ ಸಂಸಾರ ಹೂಡಿರುವ ನಮ್ಮಂಥವರಿಗೆ ಆ ಭಾಗ್ಯವೂ ಇಲ್ಲ. ಅಂಗಳವೆಂದರೆ ನಾಲ್ಕು ಮಾರು ಉದ್ದದ ಸಿಮೆಂಟು ನೆಲ. ಹಿತ್ತಲೆಂದರೆ ಬಟ್ಟೆ ಒಣಹಾಕುವ ತಂತಿ. ಕುಂಡಗಳನ್ನಾದರೂ ಇಡೋಣವೆಂದರೆ ಮನೆಯ ಯಜಮಾನರು, “ಮೇಷ್ಟ್ರೇ, ಏನು ಬೇಕಾದರೂ ಮಾಡಿ, ಮಹಡಿಗೆ ಮಣ್ಣು ಮಾತ್ರ ಹೊರಬೇಡಿ. ತಾರಸಿ ಸೋರುತ್ತೆ” ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಾರೆ.

ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿರಲು ಆಗದಿದ್ದುದು ನಮ್ಮ ತಾಯಿಯವರಿಂದ. ಅವರಿಗೆ ಈಗ 78 ವರ್ಷ. ಊರಿನಲ್ಲಿದ್ದಷ್ಟು ಕಾಲವೂ ಹಿತ್ತಲಿನಲ್ಲಿ ದಂಟು, ಹರಿವೆ, ಬಸಳೆ, ಪುದೀನ ಎಂದು ಏನಾದರೊಂದನ್ನು ಬೆಳೆದುಕೊಂಡು ಬಂದವರು. ತಂದೆಯವರು ತೀರಿಕೊಂಡ ಮೇಲೆ ಇಲ್ಲಿಗೆ, ತುಮಕೂರಿಗೆ, ನಮ್ಮಲ್ಲಿಗೆ ಬಂದರು. ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬರುವ ಹೊತ್ತಿಗೆ ತಪ್ಪದೆ ಹತ್ತಿರ ಬಂದು ಕುಳಿತುಕೊಳ್ಳುತ್ತಾರೆ. ಒಂದು ದಿನ ಕಾರ್ಯಕ್ರಮ ಮುಗಿದ ಮೇಲೆ, “ಕೇಳಿ ಏನು ಮಾಡೋದು ಮಗು, ಒಂದು ಹಿಡಿ ಮೆಂತ್ಯ ಚೆಲ್ಲೋಕೆ ಗೇಣು ನೆಲ ಇಲ್ಲ” ಎಂದರು. ದೂರುವ ಧ್ವನಿಯಲ್ಲ, ಇದ್ದುದನ್ನು ಇದ್ದಂತೆ ಹೇಳಿದರು. ಆ ಮಾತು ನನ್ನನ್ನು ರಾತ್ರಿಯೆಲ್ಲ ಕೊರೆಯಿತು.

ಆಗ ನೆನಪಾದದ್ದು, ಮಣ್ಣಿಲ್ಲದೆ ಬರಿಯ ನೀರಿನಲ್ಲಿಯೇ ಗಿಡ ಬೆಳೆಸುವ ವಿದ್ಯೆ. ಇಂಗ್ಲಿಷಿನಲ್ಲಿ ಇದನ್ನು ಹೈಡ್ರೋಪೋನಿಕ್ಸ್ ಎನ್ನುತ್ತಾರೆ. ಅನನುಭವಿಗಳಿಗಾಗಿ ಬರೆದ ಕೈಪಿಡಿಗಳನ್ನು ಮೂರು ಕಡೆಯಿಂದ ತರಿಸಿ ಓದಿದೆ. ಓದಿ, ಮಾಡಿ, ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಒಂದು ಹಿಡಿ ಪಾಲಕ್ ಸೊಪ್ಪನ್ನು ಕಂಡೆ. ವಾಚಕರು ನನ್ನ ಹಾಗೆ ಮೂರು ಸಲ ಕೆಡಿಸಬೇಕಾಗಿಲ್ಲ ಎಂಬುದೇ ಈ ಲೇಖನದ ಉದ್ದೇಶ.

ಪದವೊಂದನ್ನು ಕಂಡರೆ ಅದರ ಮೂಲವನ್ನು ಹುಡುಕುವುದು ನಮ್ಮ ಕಸುಬಿನವರ ಚಟ. ಹೈಡ್ರೋಪೋನಿಕ್ಸ್ ಎಂಬುದರಲ್ಲಿ ಎರಡು ಗ್ರೀಕ್ ಮಾತುಗಳಿವೆ. ಒಂದಕ್ಕೆ ನೀರು ಎಂದೂ ಇನ್ನೊಂದಕ್ಕೆ ದುಡಿಮೆ ಎಂದೂ ಅರ್ಥ. ನಮ್ಮಲ್ಲಿ ಇದಕ್ಕೆ ಜಲಕೃಷಿ ಎಂಬ ಹೆಸರು ಬಂದಿದೆ. ಹೆಸರು ಚೆನ್ನಾಗಿಯೇ ಇದೆ. ಆದರೆ ಕೃಷಿ ಎಂಬುದರ ಧಾತುವಿಗೆ ಎಳೆಯುವುದು, ಉಳುವುದು ಎಂದು ಅರ್ಥ. ನೀರನ್ನು ಉಳುವುದೆಂತು? ನಮ್ಮ ಬೇಸಾಯ ಎಂಬ ಮಾತಾದರೋ ವ್ಯವಸಾಯ ಎಂಬುದರ ತದ್ಭವ. ವ್ಯವಸಾಯವೆಂದರೆ ಪ್ರಯತ್ನ, ಬಿಡದ ದುಡಿಮೆ. ಹಾಗಾಗಿ ‘ನೀರಬೇಸಾಯ’ ಎಂದರೆ ಗ್ರೀಕ್ ಮಾತಿಗೆ ಅಕ್ಷರಶಃ ಸಮನಾದ ಕನ್ನಡದ ಮಾತಾಗುತ್ತದೆ. ಮಣ್ಣು ತಪ್ಪಿದರೂ ದುಡಿಮೆ ತಪ್ಪುವುದಿಲ್ಲ ಎಂಬ ಎಚ್ಚರಿಕೆಯೂ ಆ ಹೆಸರಿನಲ್ಲಿಯೇ ಅಡಗಿದೆ.

ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆಯೆಂದು ನಾವೆಲ್ಲರೂ ಚಿಕ್ಕಂದಿನಲ್ಲಿ ಭಾವಿಸಿದ್ದೆವು. ದೊಡ್ಡವರೂ ಬಹುಕಾಲ ಹಾಗೆಯೇ ಭಾವಿಸಿದ್ದರು. ಬ್ರಸೆಲ್ಸಿನ ವ್ಯಾನ್ ಹೆಲ್ಮಾಂಟ್ ಎಂಬ ವಿದ್ವಾಂಸರು ಇದನ್ನು ತೂಗಿ ನೋಡಿಯೇ ತಿಳಿಯಬೇಕೆಂದು ಹೊರಟರು. 200 ಪೌಂಡು ಒಣಗಿಸಿದ ಮಣ್ಣನ್ನು ಒಂದು ತೊಟ್ಟಿಗೆ ತುಂಬಿ, 5 ಪೌಂಡು ತೂಕದ ವಿಲೋ ಸಸಿಯೊಂದನ್ನು ನೆಟ್ಟು, 5 ವರ್ಷ ನೀರನ್ನು ಮಾತ್ರ ಹಾಕಿದರು. ಕೊನೆಗೆ ತೂಗಿದಾಗ ಮರವು ಸುಮಾರು 169 ಪೌಂಡು ಆಗಿತ್ತು; ಮಣ್ಣು ಕಡಮೆಯಾದುದು ಸುಮಾರು 2 ಔನ್ಸು ಮಾತ್ರ! ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ತೀರ್ಮಾನಿಸಿದರು. ಈ ವೃತ್ತಾಂತ ಅಚ್ಚಾದುದು ಅವರು ತೀರಿಕೊಂಡ ಮೇಲೆ, 1648ರಲ್ಲಿ. ತೀರ್ಮಾನ ಅರ್ಧ ಸರಿ, ಅರ್ಧ ತಪ್ಪು. ಮರದ ಮೈಯ ಬಹುಭಾಗವನ್ನು ಕಟ್ಟಿದುದು ಗಾಳಿಯಲ್ಲಿರುವ ಇಂಗಾಲವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆ ಕಳೆದುಹೋದ 2 ಔನ್ಸಿನ ಬೆಲೆಯೂ ತಿಳಿದಿರಲಿಲ್ಲ.

ಆ 2 ಔನ್ಸಿನ ಕಥೆಯನ್ನು ಮುಂದುವರಿಸಿದವರು ಇಂಗ್ಲೆಂಡಿನ ಜಾನ್ ವುಡ್‌ವರ್ಡ್. ಅವರು ಪುದೀನದ ಜಾತಿಯ ಗಿಡವನ್ನು ಮಳೆಯ ನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣು ಕದಡಿದ ನೀರು ಎಂದು ಬೇರೆ ಬೇರೆ ನೀರಿನಲ್ಲಿಟ್ಟು ತೂಗಿ, 1699ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೀರು ಶುದ್ಧವಾದಷ್ಟೂ ಗಿಡ ಸೊರಗಿತು; ಮಣ್ಣು ಬೆರೆತಷ್ಟೂ ಕೊಬ್ಬಿತು. ಎಂದರೆ ಗಿಡಕ್ಕೆ ಬೇಕಾದುದು ಮಣ್ಣಿನಿಂದ ನೀರಿಗೆ ಇಳಿಯುವ ಯಾವುದೋ ಸಾರ. ಆ ಸಾರ ಕೆಲವು ಲವಣಗಳೇ ಎಂಬುದನ್ನು 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಎಂಬುವರು ತೋರಿಸಿಕೊಟ್ಟರು. ತೂಕಮಾಡಿದ ಲವಣಗಳನ್ನು ನೀರಿನಲ್ಲಿ ಕರಗಿಸಿ, ಮಣ್ಣಿನ ಸೋಂಕಿಲ್ಲದೆ ಗಿಡಗಳನ್ನು ಬೆಳೆಸಿದರು.

ಪ್ರಯೋಗಶಾಲೆಯ ಈ ವಿದ್ಯೆಯನ್ನು ಹೊಲದವರೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ. ಅವರು 1929ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು. ಹೈಡ್ರೋಪೋನಿಕ್ಸ್ ಎಂಬ ಹೆಸರು 1937ರಲ್ಲಿ ಬಂದಿತು. ಅವರ ಟೊಮೇಟೊ ಬಳ್ಳಿಗಳು 25 ಅಡಿ ಏರಿದವೆಂದು ಪತ್ರಿಕೆಗಳೆಲ್ಲ ಕೊಂಡಾಡಿದವು. ಇನ್ನು ಹೊಲವೇ ಬೇಡವೆಂದು ಕೆಲವರು ಕನಸು ಕಂಡರು. ಆಗ ಅದೇ ವಿಶ್ವವಿದ್ಯಾನಿಲಯದ ಹೋಗ್ಲಂಡ್ ಮತ್ತು ಆರ್ನನ್ ಎಂಬಿಬ್ಬರು ವಿಷಯವನ್ನು ಕೂಲಂಕಷವಾಗಿ ಪರೀಕ್ಷಿಸಿ 1938ರಲ್ಲಿ ಒಂದು ಸಣ್ಣ ಪುಸ್ತಿಕೆಯನ್ನು ಹೊರತಂದರು. ಒಳ್ಳೆಯ ಮಣ್ಣಿಗಿಂತ ನೀರು ತಾನಾಗಿ ಹೆಚ್ಚೇನನ್ನೂ ಕೊಡುವುದಿಲ್ಲ ಎಂಬುದು ಅವರ ನಿರ್ಣಯ. ಅಷ್ಟು ಹೇಳಿ ಸುಮ್ಮನಾಗದೆ, ಮಾಡಬಯಸುವವರಿಗೆ ಲವಣಗಳ ಅಳತೆಯನ್ನೂ ಕೊಟ್ಟರು. ಇಂದಿಗೂ ಕೈಪಿಡಿಗಳಲ್ಲಿ ಕಾಣುವ ‘ಹೋಗ್ಲಂಡ್ ದ್ರಾವಣ’ ಅದೇ.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಆಗ ಡಾರ್ಜಿಲಿಂಗ್ ಜಿಲ್ಲೆಗೆ ಸೇರಿದ್ದ ಕಾಲಿಂಪಾಂಗಿನಲ್ಲಿ 1946ರಿಂದ ಶೋಲ್ಟೋ ಡಗ್ಲಸ್ ಎಂಬುವರು ಪ್ರಯೋಗಗಳನ್ನು ನಡೆಸಿ, 1951ರಲ್ಲಿ ‘ಬಂಗಾಳ ಪದ್ಧತಿ’ ಎಂಬ ಹೆಸರಿನಿಂದ ಪುಸ್ತಕ ಬರೆದರು. ಯಂತ್ರವಿಲ್ಲ, ಪಂಪಿಲ್ಲ, ತೊಟ್ಟಿಯಲ್ಲಿ ಕಲ್ಲುಚೂರು ಮತ್ತು ಮರಳನ್ನು ತುಂಬಿ, ಮೇಲೆ ಲವಣದ ಪುಡಿಯನ್ನು ಉದುರಿಸಿ, ನೀರು ಹಾಕುವುದು. ಬಡವರ ಮನೆಯಲ್ಲಿಯೂ ನಡೆಯಬೇಕೆಂಬುದೇ ಅದರ ಗುರಿ. ನಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ತೆಂಗಿನ ನಾರಿನ ಹುಡಿಯಲ್ಲಿ, ಮಣ್ಣಿಲ್ಲದೆ, ತರಕಾರಿ ಬೆಳೆಯುವ ಕ್ರಮಗಳನ್ನು ರೂಪಿಸಿದ್ದಾರೆ. ತಿಪಟೂರಿನ ತೆಂಗಿನ ಸೀಮೆಯವರಾದ ನಮಗೆ ಇದು ಸಂತೋಷದ ಸಂಗತಿ.

ಇನ್ನು ತತ್ತ್ವಕ್ಕೆ ಬರೋಣ. ಬೇರಿಗೆ ಬೇಕಾದುವು ಮೂರು: ನೀರು, ಲವಣ, ಗಾಳಿ. ಮೊದಲೆರಡನ್ನು ಎಲ್ಲರೂ ಬಲ್ಲರು, ಮೂರನೆಯದನ್ನು ಮರೆಯುತ್ತಾರೆ. ಬೇರೂ ಉಸಿರಾಡುತ್ತದೆ. ಮಣ್ಣಿನ ಹರಳುಗಳ ನಡುವೆ ಗಾಳಿ ಇರುವುದರಿಂದ ಹೊಲದಲ್ಲಿ ಈ ಚಿಂತೆ ಇಲ್ಲ. ಹೊಲದಲ್ಲಿ ನೀರು ನಿಂತರೆ ಪೈರು ಹಳದಿಯಾಗುವುದನ್ನು ನೀವು ಕಂಡಿರಬಹುದು. ಅದು ಉಸಿರು ಕಟ್ಟಿದ ಲಕ್ಷಣ. ಲವಣಗಳ ವಿಷಯವಾದರೆ, ಗಿಡದ ಬಾಳಿಗೆ ಅವಶ್ಯವಾದ ಮೂಲವಸ್ತುಗಳು 17. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದ 14 ಬೇರಿನ ಮೂಲಕ ಬರಬೇಕು. ಅವುಗಳಲ್ಲಿ ಸಾರಜನಕ, ರಂಜಕ, ಪೊಟಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಎಂಬ ಆರು ಹೆಚ್ಚು ಬೇಕು. ಕಬ್ಬಿಣ, ಸತು, ಬೋರಾನ್ ಮೊದಲಾದ ಎಂಟು ಸಾಸುವೆಯಷ್ಟು ಸಾಕು. ಆದರೆ ಆ ಸಾಸುವೆಯಷ್ಟು ಇಲ್ಲದಿದ್ದರೆ ಗಿಡವೂ ಇಲ್ಲ. ಅಡಿಗೆಯಲ್ಲಿ ಉಪ್ಪಿನ ಪಾತ್ರವೇನೆಂಬುದನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನು ಓದಿಕೊಂಡು ನಾನು ಕೆಲಸಕ್ಕೆ ತೊಡಗಿದೆ. ನನ್ನ ಮೊದಲ ತಪ್ಪು, ಗೊಬ್ಬರದ ಅಂಗಡಿಗೆ ಹೋಗಿ ನೀರಿನಲ್ಲಿ ಕರಗುವ 19:19:19 ಎಂಬ ಗೊಬ್ಬರವೊಂದನ್ನೇ ಕೊಂಡುತಂದದ್ದು. ಅಂಕಿಗಳು ಮೂರೂ ಸಮನಾಗಿರುವುದನ್ನು ಕಂಡು ಅದೇ ಸರ್ವಸಂಪನ್ನವೆಂದು ತಿಳಿದೆ. ಹದಿನೈದು ದಿನದಲ್ಲಿ ಸಸಿಗಳ ಹೊಸ ಎಲೆಗಳ ಅಂಚು ಸುಟ್ಟಂತಾಗಿ ಮುದುಡಿದವು. ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನೋಡಿ ನಕ್ಕು, “ಮೇಷ್ಟ್ರೇ, ಇದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಸಾರಜನಕದಲ್ಲೂ ಅರ್ಧಕ್ಕಿಂತ ಹೆಚ್ಚು ಯೂರಿಯಾ. ಯೂರಿಯಾವನ್ನು ಗಿಡಕ್ಕೆ ಹಿಡಿಸುವಂತೆ ಮಾಡೋದು ಮಣ್ಣಿನ ಸೂಕ್ಷ್ಮಜೀವಿಗಳು. ನಿಮ್ಮ ಬಕೆಟ್ಟಿನಲ್ಲಿ ಅವು ಎಲ್ಲಿಂದ ಬರಬೇಕು?” ಎಂದರು. ಮಣ್ಣು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೆಷ್ಟು ಎಂಬುದು ಮಣ್ಣನ್ನು ಬಿಟ್ಟ ಮೇಲೆಯೇ ನನಗೆ ತಿಳಿದದ್ದು.

ಎರಡನೆಯ ಸಲ ಬೇರೆ ಬೇರೆ ಲವಣಗಳನ್ನೇ ತಂದೆ. ಪದೇ ಪದೇ ತೂಗುವ ಶ್ರಮ ಏಕೆಂದು ಎಲ್ಲವನ್ನೂ ಗಟ್ಟಿಯಾಗಿ ಒಂದೇ ಸೀಸೆಯಲ್ಲಿ ಕರಗಿಸಿಟ್ಟೆ. ಬೆಳಗಾಗುವುದರೊಳಗೆ ಸೀಸೆಯಲ್ಲಿ ಹಾಲು ಒಡೆದ ಹಾಗೆ ಬಿಳಿಯ ಗಸಿ. ಕ್ಯಾಲ್ಸಿಯಂ ಲವಣವು ಗಂಧಕದ ಮತ್ತು ರಂಜಕದ ಲವಣಗಳೊಡನೆ ಗಟ್ಟಿ ದ್ರಾವಣದಲ್ಲಿ ಕೂಡಿದರೆ ಕರಗದ ಗಸಿಯಾಗಿ ಕೆಳಗೆ ಕೂರುತ್ತದೆ. ಕೆಳಗೆ ಕೂತದ್ದು ಗಿಡಕ್ಕೆ ದಕ್ಕುವುದಿಲ್ಲ. ಪುಸ್ತಕಗಳೆಲ್ಲ ಎರಡು ಸೀಸೆ ಇಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕಾಗಿಯೇ. ನಾನು ಅದನ್ನು ಅನುಕೂಲದ ಮಾತೆಂದು ತಿಳಿದಿದ್ದೆ, ಅದು ನಿಯಮವಾಗಿತ್ತು.

ಮೂರನೆಯ ಸಲ ಎಲ್ಲವೂ ಸರಿಯಾಗಿತ್ತು. ಸಸಿ ಚಿಗುರಿತು, ಮನೆಯವರೆಲ್ಲ ಹಿಗ್ಗಿದೆವು. ಆಮೇಲೆ ಒಂದು ಮಧ್ಯಾಹ್ನ ಗಿಡಗಳು ನೀರಿನಲ್ಲಿ ನಿಂತುಕೊಂಡೇ ಬಾಡಿದವು! ಮುಚ್ಚಳ ತೆಗೆದು ನೋಡಿದರೆ ಬೇರು ಕಂದಾಗಿ ಲೋಳೆಗಟ್ಟಿದೆ. ಪುಸ್ತಕದಲ್ಲಿ ಪುಟ ತಿರುವುತ್ತ ಕುಳಿತೆ. ನಮ್ಮ ತಾಯಿಯವರು ಮೆಲ್ಲನೆ ಬಂದು ಬಕೆಟ್ಟಿನೊಳಗೆ ಬೆರಳು ಅದ್ದಿ, “ನೀರು ಸ್ನಾನಕ್ಕೆ ಕಾದ ಹಾಗಿದೆಯಲ್ಲೋ. ಇದರಲ್ಲಿ ಬೇರು ಬೇಯದೆ ಇರುತ್ತ್ಯೇ?” ಎಂದರು. ನಾನು ಓದಿದ್ದ ಪುಸ್ತಕಗಳು ಚಳಿ ದೇಶದವರು ಬರೆದುವು. ನೀರನ್ನು ಬೆಚ್ಚಗಿಡುವುದು ಹೇಗೆಂದು ಅವುಗಳಲ್ಲಿ ಪುಟಗಟ್ಟಲೆ ಇತ್ತು. ತಣ್ಣಗಿಡುವುದು ಹೇಗೆಂದು ಒಂದೆರಡು ಸಾಲು. ನೀರು ಕಾದಂತೆಲ್ಲ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ ಸುಮಾರು ಏಳೂವರೆಗೆ ಇಳಿಯುತ್ತದೆ. ಬೇರಿಗೆ ಉಸಿರು ಹೆಚ್ಚು ಬೇಕಾದಾಗಲೇ ಉಸಿರು ಕಡಮೆ. ಕೊಳೆರೋಗದ ಬೂಷ್ಟಿಗೆ ಅದೇ ಸುಗ್ಗಿ.

ನನ್ನದು ಇನ್ನೂ ಒಂದು ಅಪರಾಧವಿತ್ತು. ನೀರು ಇಳಿದದ್ದನ್ನು ಕಂಡಾಗಲೆಲ್ಲ ಬಕೆಟ್ಟನ್ನು ಕಂಠದವರೆಗೆ ತುಂಬುತ್ತಿದ್ದೆ. ನಾನು ಅನುಸರಿಸುತ್ತಿದ್ದ ಸುಲಭ ಕ್ರಮವನ್ನು ಹವಾಯಿ ವಿಶ್ವವಿದ್ಯಾನಿಲಯದ ಕ್ರಾಟ್ಕಿ ಎಂಬುವರು ರೂಪಿಸಿದರು. ಇದರಲ್ಲಿ ಪಂಪು ಇಲ್ಲ, ವಿದ್ಯುತ್ತು ಇಲ್ಲ. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಇಳಿದ ಜಾಗದಲ್ಲಿ ತೇವದ ಗಾಳಿ ತುಂಬುತ್ತದೆ. ಆ ಗಾಳಿಯಲ್ಲಿ ತೂಗಾಡುವ ಮೇಲಿನ ಬೇರುಗಳು ಉಸಿರಾಡುತ್ತವೆ, ಕೆಳಗಿನವು ನೀರು ಕುಡಿಯುತ್ತವೆ. ಇದೇ ಆ ಕ್ರಮದ ಜೀವಾಳ. ನೀರನ್ನು ಮತ್ತೆ ಮೇಲಕ್ಕೇರಿಸಿದರೆ ಗಾಳಿಗೆ ಒಗ್ಗಿದ ಬೇರು ಮುಳುಗಿ ಸಾಯುತ್ತದೆ. ಪುಸ್ತಕದಲ್ಲಿ ಈ ಮಾತು ಇತ್ತು. ಇಷ್ಟು ಸುಲಭವಾದುದರಲ್ಲಿ ಓದುವುದೇನಿದೆಯೆಂದು ನಾನು ಆ ಪುಟವನ್ನು ಹಾರಿಸಿದ್ದೆ. ಮೂವತ್ತು ವರ್ಷ ಮಕ್ಕಳಿಗೆ, “ಪಾಠವನ್ನು ಪೂರ್ತಿ ಓದಿ” ಎಂದು ಹೇಳಿಕೊಂಡು ಬಂದವನು ನಾನು!

ಇಷ್ಟಾದ ಮೇಲೆ ನಾಲ್ಕನೆಯ ಸಲ ಕೈಗೂಡಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮುಚ್ಚಳವಿರುವ 10 ಲೀಟರಿನ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ತೆಗೆದುಕೊಳ್ಳಿ. ಅದು ಆಹಾರ ಪದಾರ್ಥ ತುಂಬಲು ತಕ್ಕದ್ದಾಗಿರಲಿ; ಬಣ್ಣದ ಡಬ್ಬಿ ಬೇಡ. ಬೆಳಕು ಒಳಗೆ ಹೋಗಬಾರದು. ಹೋದರೆ ನೀರು ಪಾಚಿಗಟ್ಟುತ್ತದೆ. ಅದಕ್ಕಾಗಿ ಹೊರಮೈಗೆ ಮೊದಲು ಕಪ್ಪು ಕಾಗದವನ್ನೂ ಅದರ ಮೇಲೆ ಬಿಸಿಲನ್ನು ಹಿಮ್ಮೆಟ್ಟಿಸಲು ಬಿಳಿಯ ಬಟ್ಟೆಯನ್ನೂ ಸುತ್ತಿ. ಮುಚ್ಚಳದಲ್ಲಿ ಎರಡು ಅಂಗುಲ ಅಗಲದ ಮೂರು ತೂತುಗಳನ್ನು ಕೊರೆದು, ತಳದಲ್ಲಿಯೂ ಪಕ್ಕದಲ್ಲಿಯೂ ಸೀಳಿರುವ ಜಾಲರಿ ಬಟ್ಟಲುಗಳನ್ನು ಇಳಿಬಿಡಿ. ಬಟ್ಟಲಿಗೆ ತೆಂಗಿನ ನಾರಿನ ಹುಡಿಯನ್ನು ತುಂಬಿ. ಹುಡಿಯನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡುವುದು ಅವಶ್ಯ. ತೊಳೆಯದ ಹುಡಿಯಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ.

ಪಾಲಕ್, ದಂಟು, ಲೆಟ್ಯೂಸ್, ಇವುಗಳಲ್ಲಿ ಯಾವುದಾದರೊಂದರ ಬೀಜವನ್ನು ಬಟ್ಟಲಿನಲ್ಲಿಯೇ ಬಿತ್ತಿ, ಬರಿಯ ನೀರು ಚಿಮುಕಿಸಿ ನೆರಳಿನಲ್ಲಿಡಿ. ಮೊಳಕೆ ಕಂಡೊಡನೆ ಬೆಳಕಿಗೆ ತನ್ನಿ. ಮೂರು ನಾಲ್ಕು ಎಲೆ ಬಿಟ್ಟ ಮೇಲೆ ಬಕೆಟ್ಟಿನ ಮೇಲೆ ಕೂರಿಸಿ. ಬೀಜದ ಗೋಜೇ ಬೇಡವೆನ್ನುವವರು ಪುದೀನದ ಅಥವಾ ಬಸಳೆಯ ಒಂದು ಕಡ್ಡಿಯನ್ನು ನೀರಿನ ಲೋಟದಲ್ಲಿಟ್ಟು, ಬೇರು ಬಂದ ಮೇಲೆ ಬಟ್ಟಲಿಗೆ ಸೇರಿಸಬಹುದು. ಹೊಸಬರಿಗೆ ಪುದೀನವೇ ಒಳ್ಳೆಯ ಗುರು. ವುಡ್‌ವರ್ಡ್ ಆರಿಸಿಕೊಂಡದ್ದೂ ಅದರ ಬಳಗದ ಗಿಡವನ್ನೇ ಅಲ್ಲವೆ?

ಇನ್ನು ಲವಣಗಳು. ಹನಿ ನೀರಾವರಿಯ ರೈತರಿಗಾಗಿ ಗೊಬ್ಬರದ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಮೊದಲನೆಯ ಸೀಸೆಯಲ್ಲಿ ಒಂದು ಲೀಟರು ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 118 ಗ್ರಾಂ, ಮತ್ತು ಇಡಿಟಿಎ ಸೇರಿಸಿದ ಕಬ್ಬಿಣದ ಪುಡಿ 3 ಗ್ರಾಂ. ಎರಡನೆಯ ಸೀಸೆಯಲ್ಲಿ ಒಂದು ಲೀಟರು ನೀರಿಗೆ ಪೊಟಾಸಿಯಂ ನೈಟ್ರೇಟ್ 50 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಎಂಬ ಎಪ್ಸಂ ಉಪ್ಪು 49 ಗ್ರಾಂ, ಮಾನೋ ಪೊಟಾಸಿಯಂ ಫಾಸ್ಫೇಟ್ 14 ಗ್ರಾಂ. ಲಘು ಪೋಷಕಾಂಶಗಳ ಮಿಶ್ರಣವನ್ನು ಪೊಟ್ಟಣದ ಮೇಲೆ ಬರೆದಿರುವ ಅಳತೆಯಂತೆ ಈ ಎರಡನೆಯ ಸೀಸೆಗೆ ಸೇರಿಸಿ. ಬೇಕಾದಾಗ ಒಂದು ಲೀಟರು ನೀರಿಗೆ ಮೊದಲ ಸೀಸೆಯಿಂದ 5 ಮಿಲಿಲೀಟರು ಹಾಕಿ, ಚೆನ್ನಾಗಿ ಕಲಸಿ, ಆಮೇಲೆ ಎರಡನೆಯದರಿಂದ 5 ಮಿಲಿಲೀಟರು ಹಾಕಿ. ತೆಳುವಾದ ನೀರಿನಲ್ಲಿ ಇವು ಕೂಡಿದರೆ ಗಸಿಯಾಗುವುದಿಲ್ಲ. ಹೀಗೆ ಆದದ್ದು ಮುಖ್ಯ ಲವಣಗಳಲ್ಲಿ ಹೋಗ್ಲಂಡ್ ದ್ರಾವಣದ ಅರ್ಧ ಪ್ರಮಾಣ. ಸೊಪ್ಪಿಗೆ ಇದು ಸಾಕು. ಹೆಚ್ಚು ಹಾಕಿದರೆ ಹೆಚ್ಚು ಬೆಳೆಯುವುದಿಲ್ಲ. ಉಪ್ಪಿನಕಾಯಿಯಂತೆ ಬೇರು ಮುರುಟುತ್ತದೆ.

ವಿದೇಶದ ಪುಸ್ತಕವನ್ನು ಓದುವವರು ಅಳತೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ಅಮೆರಿಕದ ಗ್ಯಾಲನ್ ಸುಮಾರು 3.8 ಲೀಟರು, ಇಂಗ್ಲೆಂಡಿನ ಗ್ಯಾಲನ್ ಸುಮಾರು 4.5 ಲೀಟರು. ಹೆಸರು ಒಂದೇ, ವಸ್ತು ಬೇರೆ. ಚಮಚದ ಅಳತೆಯನ್ನು ನಂಬುವುದಕ್ಕಿಂತ ಅಡಿಗೆಮನೆಯ ಚಿಕ್ಕ ತಕ್ಕಡಿಯನ್ನು ನಂಬುವುದು ಮೇಲು.

ಮೊದಲ ದಿನ ಬಕೆಟ್ಟಿನ ನೀರು ಬಟ್ಟಲಿನ ತಳವನ್ನು ಅರ್ಧ ಅಂಗುಲ ಮುಟ್ಟುವಂತಿರಲಿ. ಆಮೇಲೆ ಇಳಿಯಲು ಬಿಡಿ. ಬಕೆಟ್ಟು ಮುಕ್ಕಾಲು ಖಾಲಿಯಾದಾಗ ಮಾತ್ರ, ಕೆಳಗಿನ ಮೂರನೆಯ ಒಂದು ಭಾಗದವರೆಗೆ ಹೊಸ ದ್ರಾವಣ ಹಾಕಬಹುದು, ಅದಕ್ಕಿಂತ ಮೇಲೇರಿಸಬೇಡಿ. ಬೆಳಗಿನ ನಾಲ್ಕೈದು ಗಂಟೆಗಳ ಬಿಸಿಲು ಸೊಪ್ಪಿಗೆ ಸಾಕು. ಬೇಸಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದಂತೆ ಪೂರ್ವದ ಗೋಡೆಯ ಮಗ್ಗುಲಿಗಿಟ್ಟು, ಸುತ್ತಿದ ಬಟ್ಟೆಯನ್ನು ಒದ್ದೆ ಮಾಡುತ್ತಿರಿ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಹೊಸ ಸಂಗತಿಯೇನಲ್ಲ.

ನೀರಿನ ಗುಣವನ್ನೂ ನೋಡಬೇಕು. ನಮ್ಮ ಬಯಲುಸೀಮೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದೇ ಅದರ ಗುರುತು. ಅಂಥ ನೀರು ಕ್ಷಾರವಾಗಿರುತ್ತದೆ. ಗಿಡಕ್ಕೆ ಬೇಕಾದುದು ಸ್ವಲ್ಪ ಹುಳಿಯ ಕಡೆಗಿರುವ ನೀರು. ಪಿಎಚ್ ಎಂಬ ಅಳತೆಯಲ್ಲಿ 5.5ರಿಂದ 6.5. ಇದನ್ನು ತೋರಿಸುವ ಕಾಗದದ ಪಟ್ಟಿಗಳು ಸಿಗುತ್ತವೆ. ಕ್ಷಾರ ಹೆಚ್ಚಾದರೆ ನೀರಿನಲ್ಲಿ ಕಬ್ಬಿಣವಿದ್ದೂ ಗಿಡಕ್ಕೆ ಎಟುಕುವುದಿಲ್ಲ. ಎಳೆಯ ಎಲೆ ನರಗಳ ನಡುವೆ ಹಳದಿಯಾಗುತ್ತದೆ. ನಿಂಬೆಯ ರಸ ಹಿಂಡಿದರೆ ಪಿಎಚ್ ಇಳಿಯುವುದು ನಿಜ, ಆದರೆ ಕೆಲವು ದಿನಗಳಲ್ಲಿ ಮತ್ತೆ ಏರುತ್ತದೆ. ತಾರಸಿಯಿಂದ ಹಿಡಿದ ಮಳೆಯ ನೀರನ್ನು ಬೆರೆಸುವುದೇ ಎಲ್ಲಕ್ಕಿಂತ ಉತ್ತಮ. ಮನೆಯ ಶೋಧಕ ಯಂತ್ರವು ಹೊರಗೆ ಬಿಡುವ ನೀರನ್ನು ಮಾತ್ರ ಉಪಯೋಗಿಸಬೇಡಿ. ಬೇಡದ ಲವಣವೆಲ್ಲ ಅದರಲ್ಲಿ ಗಟ್ಟಿಯಾಗಿ ಸೇರಿರುತ್ತದೆ.

ಮೂರು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ನಿಂತ ನೀರೆಂದರೆ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಇಂಥ ಶುಚಿಯಾದ ನೀರನ್ನೇ ಹುಡುಕಿಕೊಂಡು ಬರುತ್ತದೆ. ಮುಚ್ಚಳದ ಸಂದುಗಳನ್ನೆಲ್ಲ ತೆಳುಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ತೆಗೆದು ನೋಡಿ. ಸೊಪ್ಪಿಗಾಗಿ ಹೊರಟು ಜ್ವರವನ್ನು ಸಾಕಬಾರದು. ಎರಡನೆಯದಾಗಿ, ನೈಟ್ರೇಟ್ ಲವಣಗಳು ಬೆಂಕಿಯನ್ನು ಕೆರಳಿಸುವಂಥವು. ಅವುಗಳನ್ನು ಒಲೆಯಿಂದ ದೂರವಾಗಿ, ತೇವ ತಾಗದಂತೆ, ಮಕ್ಕಳ ಕೈಗೆ ಎಟುಕದಂತೆ, ಹೆಸರು ಬರೆದ ಡಬ್ಬಿಗಳಲ್ಲಿಡಿ. ಎಪ್ಸಂ ಉಪ್ಪು ಅಡಿಗೆಯ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇರಲೇಬಾರದು. ಮೂರನೆಯದಾಗಿ, ಬೆಳೆ ಮುಗಿದ ಮೇಲೆ ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲದೆ, ಬೀದಿಯ ಮರಕ್ಕೋ ನೆರೆಯವರ ತೆಂಗಿನ ಬುಡಕ್ಕೋ ನೀರು ಬೆರೆಸಿ ಹಾಕಿ.

ಇದರಿಂದ ಲಾಭವೇನೆಂದು ಕೇಳುವವರಿದ್ದಾರೆ. ನನ್ನ ಮನೆಯವಳೇ ಕೇಳಿದಳು: “ಏನ್ರೀ, ಸಂತೆಯಲ್ಲಿ ಕಟ್ಟು ಪಾಲಕ್ ಎಷ್ಟಕ್ಕೆ ಸಿಗುತ್ತೆ, ನಿಮ್ಮ ಸೊಪ್ಪಿಗೆ ಎಷ್ಟು ಬಿತ್ತು?” ಪ್ರಾಮಾಣಿಕವಾಗಿ ಹೇಳುವುದಾದರೆ, ಬಕೆಟ್ಟು, ಲವಣ, ಕೆಟ್ಟುಹೋದ ಮೂರು ಬೆಳೆ ಎಲ್ಲವನ್ನೂ ಲೆಕ್ಕ ಹಾಕಿದರೆ ಸಂತೆಯೇ ಅಗ್ಗ. ನೀರು ಹೊಲಕ್ಕಿಂತ ಬಹಳ ಕಡಮೆ ಸಾಕು, ಕಳೆ ಕೀಳಬೇಕಾಗಿಲ್ಲ ಎಂಬುದೆಲ್ಲ ನಿಜ. ಆದರೆ ರಾಗಿ, ಭತ್ತ, ತೊಗರಿಗಳನ್ನು ಬಕೆಟ್ಟಿನಲ್ಲಿ ಬೆಳೆದು ಹೊಟ್ಟೆ ತುಂಬಿಸುವಂತಿಲ್ಲ. ರೈತನ ಮಣ್ಣಿಗೆ ಇದು ಬದಲಿಯಲ್ಲ. ಮನೆಯಲ್ಲಿ ಕುಳಿತು ಲಕ್ಷಗಟ್ಟಲೆ ಗಳಿಸಿ ಎಂದು ಆಸೆ ತೋರಿಸಿ ಸಾಮಗ್ರಿ ಮಾರುವವರ ಮಾತಿಗೆ ಮರುಳಾಗಿ ಕೂಡಿಟ್ಟ ಹಣವನ್ನು ಸುರಿಯಬೇಡಿ. ಒಂದು ಬಕೆಟ್ಟಿನಿಂದ ತೊಡಗಿ. ಅದು ಕೈಗೂಡಿದ ಮೇಲೆ ಎರಡನೆಯದು.

ಪುಸ್ತಕದ ವಿಷಯವಾಗಿಯೂ ಒಂದು ಮಾತು. ಯಾವ ಕೈಪಿಡಿಯನ್ನು ಕೊಂಡರೂ ಮೊದಲು ನೋಡಬೇಕಾದುದು ಅದನ್ನು ಬರೆದವರು ಯಾವ ಸೀಮೆಯವರು, ಅವರ ನೀರೆಂಥದು, ಬಿಸಿಲೆಂಥದು ಎಂಬುದನ್ನು. ಹಳೆಯ ಕಾವ್ಯವನ್ನು ಓದುವಾಗ ಕವಿಯ ಕಾಲದೇಶಗಳನ್ನು ತಿಳಿಯದೆ ಅರ್ಥ ಹೇಳಬಾರದೆಂದು ನಮ್ಮ ಗುರುಗಳು ಕಲಿಸುತ್ತಿದ್ದರು. ಅದು ಬಕೆಟ್ಟಿನ ಸೊಪ್ಪಿಗೂ ಸಲ್ಲುತ್ತದೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಪುಸ್ತಕ ಹೇಳಿದ ‘ಏನು’ ಎಂಬುದಕ್ಕಿಂತ ‘ಏಕೆ’ ಎಂಬುದನ್ನು ಹಿಡಿದವನು ತನ್ನ ಊರಿನ ನೀರಿಗೆ ತಕ್ಕಂತೆ ಅದನ್ನು ತಿದ್ದಿಕೊಳ್ಳಬಲ್ಲ.

ಬಿತ್ತಿದ ಮೂವತ್ತೆಂಟನೆಯ ದಿನ ನಮ್ಮ ತಾಯಿಯವರು ಹೊರಗಿನ ಎಲೆಗಳನ್ನು ಮಾತ್ರ ಚಿವುಟಿ, ನಡುವಿನ ಸುಳಿಯನ್ನು ಬಿಟ್ಟು, ಒಂದು ಹಿಡಿ ಪಾಲಕ್ ಮಡಿಲಿನಲ್ಲಿ ತಂದರು. ಹೀಗೆ ಚಿವುಟಿದರೆ ಮತ್ತೆ ಚಿಗುರುತ್ತದೆಂದು ಯಾವ ಪುಸ್ತಕವೂ ಅವರಿಗೆ ಹೇಳಬೇಕಾಗಿರಲಿಲ್ಲ. ಮೂಗಿನ ಹತ್ತಿರ ಹಿಡಿದು, “ಮಣ್ಣಿನ ವಾಸನೆ ಒಂದು ಇಲ್ಲ ನೋಡು” ಎಂದರು. ಆ ದಿನ ಬೇಳೆ ಹಾಕಿ ಹುಳಿ ಮಾಡಿದೆವು. ಐದು ಜನರಿಗೆ ತಲಾ ಎರಡು ಸೌಟು ಬಂದಿತು.

ಈಗ ಬಕೆಟ್ಟುಗಳು ನಾಲ್ಕಾಗಿವೆ. ಬೆಳಿಗ್ಗೆ ಬೆರಳು ಅದ್ದಿ ನೀರಿನ ಬಿಸಿ ನೋಡುವುದು, ಬಟ್ಟೆ ಒದ್ದೆ ಮಾಡುವುದು, ವಾರಕ್ಕೊಮ್ಮೆ ಮುಚ್ಚಳ ತೆಗೆಸಿ ಸೊಳ್ಳೆಯ ಮರಿಯಿದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕುವುದು, ಎಲ್ಲವೂ ಅವರದೇ. ಲವಣ ತೂಗುವುದು ಮಾತ್ರ ನನ್ನ ಪಾಲಿಗೆ ಉಳಿದಿದೆ. ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬಂದಾಗ ಈಗಲೂ ಬಂದು ಕುಳಿತುಕೊಳ್ಳುತ್ತಾರೆ. ಮೊನ್ನೆ ಸೊಪ್ಪಿಗೆ ಬೀಳುವ ಹೇನಿನ ವಿಷಯ ಬಂದಾಗ, “ಸ್ವಲ್ಪ ಜೋರಾಗಿ ಇಡು, ಇದು ನಮಗೆ ಬೇಕಾದ್ದು” ಎಂದರು.